ತಳದ ಸೌಟು

ವಿಶ್ವವಿದ್ಯಾಲಯದ ಹುಡುಗಿಯರ ಮೆಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸೌಟು ಹಿಡಿದವಳು ನಾನು. ಈ ಕೈಯಲ್ಲಿ ಉಂಡವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಸಾಲಿನ ತುದಿ ಸಮುದ್ರಕ್ಕೆ ಬೀಳುತ್ತದೆ. ಉಪ್ಪು ಹಾಕುವಾಗ ನಾನು ಅಳತೆ ನೋಡುವುದಿಲ್ಲ. ಉಪ್ಪೇ ನನ್ನ ಮುಖ ನೋಡಿ ಎಷ್ಟು ಬೀಳಬೇಕೋ ಅಷ್ಟು ಬೀಳುತ್ತದೆ. ಒಮ್ಮೆ ಗದರಿದೆನೆಂದರೆ ಉಕ್ಕಿ ಬಂದ ಹಾಲು ತೆಪ್ಪಗೆ ಪಾತ್ರೆಯೊಳಕ್ಕೆ ಇಳಿಯುತ್ತದೆ. ಜಂಭಕ್ಕೆ ಹೇಳುತ್ತಿಲ್ಲ. ಇಂಥ ಕೈ ಇಟ್ಟುಕೊಂಡು ನಾನು ಮಾಡಿದ ಘನಕಾರ್ಯ ಯಾವುದು ಎಂದು ತಿಳಿಯಲಿ ಅಂತ ಹೇಳುತ್ತಿದ್ದೇನೆ. ಅದನ್ನು ನೆನೆದರೆ ಇವತ್ತಿಗೂ ನನ್ನ ನೆತ್ತಿಯ ಮೇಲೆ ಮೊಟ್ಟೆ ಬೇಯಿಸಬಹುದು.

ನನ್ನ ತಂಗಿಯ ಮಗಳು ಅದೇ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಗಾಳಿ ಜೋರಾಗಿರುವ ದಿನ ಜೇಬಿನಲ್ಲಿ ಕಲ್ಲು ಹಾಕಿಕೊಂಡು ಹೊರಡಬೇಕು, ಹಾಗಿದ್ದಾಳೆ. ನಾನು ಅವಳನ್ನು ಕಡ್ಡಿ ಎಂದು ಕರೆಯುತ್ತೇನೆ, ಅವಳು ನನ್ನನ್ನು ದೊಡ್ಡಮ್ಮ ಎನ್ನುತ್ತಾಳೆ. ಅವಳ ಬಾಯಿಂದ ಕೇಳಿ ಕೇಳಿ ಮೆಸ್ಸಿನ ನಾನೂರು ಹುಡುಗಿಯರಿಗೂ ನಾನು ದೊಡ್ಡಮ್ಮನೇ ಆಗಿಬಿಟ್ಟಿದ್ದೇನೆ.

ಹೋದ ವರ್ಷ ಒಂದು ಬೆಳಗ್ಗೆ ಅವಳು ಒಂದು ತಕ್ಕಡಿ, ಒಂದು ರಾಶಿ ಬಿಳಿ ಡಬ್ಬಿ ಹೊತ್ತುಕೊಂಡು ಅಡುಗೆಮನೆಗೆ ಬಂದಳು. ಡಬ್ಬಿಗಳ ತಳದಲ್ಲಿ ಒಂದೊಂದು ನಂಬರು ಬರೆದಿತ್ತು.

"ಏನೇ ಇದು, ಡಬ್ಬಿ ಅಂಗಡಿ ಇಡ್ತಿದೀಯಾ?"

"ನನ್ನ ಕೆಲಸ ಶುರು ದೊಡ್ಡಮ್ಮ. ನಮ್ಮ ಹುಡುಗೀರ ಊಟದಲ್ಲಿ ಕಬ್ಬಿಣ, ಸತು, ಕ್ಯಾಲ್ಸಿಯಂ ಎಲ್ಲ ಎಷ್ಟಿದೆ ಅಂತ ನೋಡ್ಬೇಕು."

"ಕಬ್ಬಿಣವಾ? ನನ್ನ ಅಡುಗೇಲಿ ಮೊಳೆ ಸಿಕ್ತು ಅಂತ ಯಾವಳು ದೂರು ಕೊಟ್ಟಳು, ಹೆಸರು ಹೇಳು."

"ಮೊಳೆ ಅಲ್ಲ. ಬೇಳೇಲಿ, ಸೊಪ್ಪಲ್ಲಿ ಕಣ್ಣಿಗೆ ಕಾಣದಷ್ಟು ಇರುತ್ತೆ. ಅದು ಸಾಕಷ್ಟು ಹೊಟ್ಟೆಗೆ ಹೋಗ್ಲಿಲ್ಲ ಅಂದ್ರೆ ರಕ್ತ ಕಮ್ಮಿಯಾಗುತ್ತೆ."

ಕೆಲಸದ ಕ್ರಮ ಹೀಗೆ. ಐವತ್ತು ಹುಡುಗಿಯರು, ಒಬ್ಬೊಬ್ಬಳಿಗೆ ಮೂರು ದಿನ. ಹುಡುಗಿ ತಟ್ಟೆ ಹಿಡಿದು ಬರುತ್ತಾಳೆ, ನಾನು ಬಡಿಸುತ್ತೇನೆ, ಕಡ್ಡಿ ತಟ್ಟೆಯನ್ನು ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳುತ್ತಾಳೆ. ಆಮೇಲೆ ಅವಳು ತಿಂದಷ್ಟೇ ಊಟ, ಅಷ್ಟೇ ತೂಕಕ್ಕೆ, ಅವಳ ನಂಬರಿನ ಡಬ್ಬಿಗೂ ಬೀಳಬೇಕು. ಇಡೀ ದಿನದ ಊಟ ಒಂದೇ ಡಬ್ಬಿಯಲ್ಲಿ. ಡಬ್ಬಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಅರೆದು, ಒಣಗಿಸಿ, ಕುಲುಮೆಯಲ್ಲಿ ಬೂದಿಯಾಗುವವರೆಗೆ ಸುಟ್ಟು, ಬೂದಿಯನ್ನು ಆಮ್ಲದಲ್ಲಿ ಕರಗಿಸಿ, ಯಂತ್ರಕ್ಕೆ ಕುಡಿಸುತ್ತಾರೆ. ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಯಂತ್ರ ಹೇಳುತ್ತದೆ. ನಾನು ಮೂರು ಗಂಟೆ ಬೇಯಿಸಿದ್ದನ್ನು ಇವರು ಮೂರು ದಿನ ಸುಡುತ್ತಾರೆ. ಅದಕ್ಕೆ ಡಾಕ್ಟರ್ ಪದವಿ ಬೇರೆ.

"ನಿನ್ನ ಸೌಟು ಬೇಡ, ಲೋಹದ್ದು ಏನೂ ತಾಗಬಾರ್ದು. ಡಬ್ಬಿಗೆ ಈ ಪ್ಲಾಸ್ಟಿಕ್ ಸೌಟು," ಎಂದಳು ಕಡ್ಡಿ. "ಮತ್ತೆ ಒಂದೇ ಷರತ್ತು. ತಟ್ಟೆಗೆ ಹೇಗೋ ಡಬ್ಬಿಗೂ ಹಾಗೇ. ಗೊತ್ತಾಯ್ತಾ?"

"ಗ್ರಾಂ ತಪ್ಪಿದ್ರೆ ನನ್ನ ಕಿವಿ ಕತ್ತರಿಸು," ಎಂದೆ.

ತಪ್ಪಲಿಲ್ಲ. ಒಂದು ಡಬ್ಬಿಯಲ್ಲೂ ಒಂದು ಗ್ರಾಂ ತಪ್ಪಲಿಲ್ಲ. ತಕ್ಕಡಿಗೇ ಅನುಮಾನ ಬರುವಷ್ಟು ಸರಿಯಾಗಿ ಹಾಕಿದೆ.

ಈಗ ನಮ್ಮ ಬೇಳೆ ಪಾತ್ರೆಯ ವಿಷಯ ಹೇಳಬೇಕು. ನನ್ನ ಎದೆಮಟ್ಟಕ್ಕೆ ಬರುವ ಪಾತ್ರೆ ಅದು. ಒಳಗೆ ಇಳಿದವಳು ಹೊರಗೆ ಬರಲು ಏಣಿ ಕೇಳಬೇಕು. ಬೇಳೆ ಬೆಂದ ಮೇಲೆ ಗಟ್ಟಿಯದು ತಳಕ್ಕೆ ಕೂರುತ್ತದೆ, ತಿಳಿಯದು ಮೇಲೆ ನಿಲ್ಲುತ್ತದೆ. ಬಡಿಸುವವಳ ವಿದ್ಯೆಯೆಲ್ಲ ಸೌಟು ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದರಲ್ಲಿದೆ, ಮತ್ತು ಅದು ಸೌಟು ಹಿಡಿದವಳಿಗೆ ಮಾತ್ರ ಗೊತ್ತಾಗುವ ವಿಷಯ. ಆರು ವರ್ಷದ ಹಿಂದೆ ಹಾಸ್ಟೆಲಿನ ಹೊಸ ಕಟ್ಟಡ ತೆರೆದಾಗ ಇದ್ದ ಹುಡುಗಿಯರ ಜೊತೆಗೆ ಇನ್ನೂ ನೂರೈವತ್ತು ಹುಡುಗಿಯರು ಬಂದು ಸೇರಿದರು. ಉಗ್ರಾಣದಿಂದ ಬರುವ ಬೇಳೆ ಮಾತ್ರ ಹಳೆಯ ಲೆಕ್ಕದಲ್ಲೇ ಉಳಿಯಿತು. ಮೆಸ್ಸಿನ ಮ್ಯಾನೇಜರನನ್ನು ಕೇಳಿದೆ. ಇಪ್ಪತ್ನಾಲ್ಕು ಗಂಟೆಯೂ ಗೆರೆ ಮುರಿಯದ ಶರ್ಟು ಹಾಕುವ ಮನುಷ್ಯ, ಹುಡುಗಿಯರು ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದಾರೆ. ಅವನು ಕೈ ಮುಗಿದು, "ನಿಮ್ಮಂಥ ಕೈ ಇರೋವಾಗ ಬೇಳೆ ಯಾಕಮ್ಮ ಬೇಕು?" ಎಂದ. ಆ ಒಂದು ಮಾತಿಗೆ ನಾನು ಬೆಣ್ಣೆಯಾದೆ. ಅವತ್ತಿನಿಂದ ಬೇಳೆಗೆ ನೀರು ಹೆಚ್ಚಿಸಿ, ಸೌಟನ್ನು ಮೇಲೆ ಮೇಲೆ ತೇಲಿಸಿ, ಮಣಿಕಟ್ಟಿನಲ್ಲಿ ಸಣ್ಣ ತಿರುವು ಕೊಟ್ಟು, ನಾಲ್ಕು ಕಾಳು ಕಾಣುವ ಹಾಗೆ ತಟ್ಟೆಗೆ ಹುಯ್ಯುವುದನ್ನು ಕಲಿತೆ. ಆರು ವರ್ಷ. ಒಬ್ಬಳೂ ಖಾಲಿ ತಟ್ಟೆ ಹಿಡಿದು ವಾಪಸ್ಸು ಹೋಗಲಿಲ್ಲ. ಇಡೀ ಭೂಮಂಡಲದಲ್ಲಿ ಇಂಥ ಬಡಿಸುವಿಕೆ ಇನ್ನೊಬ್ಬರಿಗೆ ಬಾರದು ಎಂದು ಎದೆ ಉಬ್ಬಿಸಿಕೊಂಡು ತಿರುಗಿದೆ.

ಡಬ್ಬಿ ಬಂತಲ್ಲ, ಅದು ನನಗೆ ಊಟದ ಡಬ್ಬಿಯಾಗಿ ಕಾಣಲೇ ಇಲ್ಲ. ನನ್ನ ಅಡುಗೆಯನ್ನು ವಿಚಾರಿಸಲು ದೊಡ್ಡ ಜಾಗದಿಂದ ಬಂದ ನೆಂಟನ ಹಾಗೆ ಕಂಡಿತು. ನೆಂಟರ ತಟ್ಟೆಗೆ ತಿಳಿನೀರು ಹುಯ್ಯುವ ವಂಶ ನಮ್ಮದಲ್ಲ. ಕಡ್ಡಿ ತಕ್ಕಡಿಯ ಮೇಲೆ ಬಗ್ಗಿ ಅಂಕಿ ಬರೆಯುತ್ತಿದ್ದಳು, ಪಾತ್ರೆಗೆ ಬೆನ್ನು. ನಾನು ಪ್ಲಾಸ್ಟಿಕ್ ಸೌಟನ್ನು ಮೊಣಕೈವರೆಗೂ ಇಳಿಸಿ, ತಳ ಸವರಿ, ಗಟ್ಟಿ ಬೇಳೆಯನ್ನು ಎತ್ತಿ ಡಬ್ಬಿಗೆ ಹಾಕುತ್ತಿದ್ದೆ. ಸೊಪ್ಪಿನಲ್ಲಿ ಎಲೆ ಡಬ್ಬಿಗೆ, ದಂಟು ತಟ್ಟೆಗೆ. ಹಾಲಿನಲ್ಲಿ ಕೆನೆ ಡಬ್ಬಿಗೆ. ತೂಕ ಮಾತ್ರ ಅಷ್ಟಕ್ಕಷ್ಟೇ. ಐವತ್ತು ಹುಡುಗಿಯರು, ನೂರೈವತ್ತು ಡಬ್ಬಿ.

ಎಂಟು ತಿಂಗಳು ಕಳೆದವು. ಕಡ್ಡಿ ಇನ್ನೂ ಕಡ್ಡಿಯಾದಳು. ಒಂದು ಮಧ್ಯಾಹ್ನ ಪಾತ್ರೆ ತೊಳೆಯುವ ಹೊತ್ತಿಗೆ ಬಂದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಎದುರಿಗೆ ತಟ್ಟೆ ಇಟ್ಟರೆ ಅದನ್ನು ಪಕ್ಕಕ್ಕೆ ಸರಿಸಿದಳು. ಅವಳ ಬೆರಳುಗಳ ಚರ್ಮ ಸುಲಿದು ಬಿಳಿಚಿಕೊಂಡಿತ್ತು.

"ಏನಾಯ್ತೇ ಕೈಗೆ?"

"ಆಮ್ಲ. ಗಾಜು ತೊಳೆದಿದ್ದು."

"ಯಾರ ಮನೆ ಗಾಜು ತೊಳೀತಿದೀಯಾ ನೀನು?"

ಆಗ ಹೇಳಿದಳು. ಆ ಐವತ್ತು ಹುಡುಗಿಯರ ರಕ್ತವನ್ನು ಆಸ್ಪತ್ರೆಯವರು ನೋಡಿದ್ದರು. ಮೂವತ್ತೊಂದು ಜನಕ್ಕೆ ಇರಬೇಕಾದಷ್ಟು ರಕ್ತವಿಲ್ಲ. ಡಬ್ಬಿಗಳಲ್ಲಿ ಮಾತ್ರ ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕಬ್ಬಿಣ. ಅಷ್ಟು ಕಬ್ಬಿಣ ತಿಂದವರಿಗೆ ಅಷ್ಟು ಕಡಿಮೆ ರಕ್ತ ಇರುವುದಕ್ಕೆ ಸಾಧ್ಯವಿಲ್ಲ. ಗಾಜಿನಲ್ಲಿ, ಆಮ್ಲದಲ್ಲಿ, ಕುಲುಮೆಯಲ್ಲಿ ಎಲ್ಲೋ ಕೊಳೆ ಸೇರಿದೆ, ಅಂದರೆ ಇವಳ ಕೈ ಶುದ್ಧವಿಲ್ಲ, ಎಂದು ಅವಳ ಪ್ರೊಫೆಸರು ತೀರ್ಮಾನಿಸಿದ್ದರು. ಇವಳು ಒಂದೊಂದು ಬಟ್ಟಲನ್ನೂ ತೊಳೆದು, ಉಳಿಸಿಟ್ಟ ಮಾದರಿಗಳನ್ನು ಮತ್ತೆ ಸುಟ್ಟು, ಮತ್ತೆ ಅಳೆದಿದ್ದಳು. ಅದೇ ಅಂಕಿ. ಮತ್ತೆ ತೊಳೆದಿದ್ದಳು. ಅದೇ ಅಂಕಿ.

"ಬರೋ ಶುಕ್ರವಾರ ಮೂರು ಗಂಟೆಗೆ ಕಮಿಟಿ ಇದೆ. ಇವಳ ಕೆಲಸ ನಂಬೋ ಹಾಗಿಲ್ಲ ಅಂತ ಬರೆದುಕೊಡ್ತಾರಂತೆ."

"ಬರೆದುಕೊಟ್ರೆ?"

"ಗಂಟುಮೂಟೆ ಕಟ್ಕೊಂಡು ಮನೆಗೆ. ಅಷ್ಟೇ."

ನನ್ನ ಮೈ ಹೊತ್ತಿಕೊಂಡಿತು. ಈ ಹುಡುಗಿ ಮೂರು ವರ್ಷದವಳಿದ್ದಾಗಲೇ ಹಿಟ್ಟಿನ ಕೈಯಲ್ಲಿ ಪುಸ್ತಕ ಮುಟ್ಟುತ್ತಿರಲಿಲ್ಲ. ಇವಳ ಕೈ ಕೊಳಕಂತೆ. ಏಪ್ರನ್ನೂ ಬಿಚ್ಚದೆ ಹೊರಟೆ. ಪ್ರಯೋಗಾಲಯ ಮೂರನೇ ಮಹಡಿಯಲ್ಲಿ. ಅಷ್ಟೂ ಮೆಟ್ಟಿಲನ್ನು ಮೂರೇ ಹೆಜ್ಜೆಯಲ್ಲಿ ಹತ್ತಿದೆ. ಕಡ್ಡಿ "ದೊಡ್ಡಮ್ಮ, ಬೇಡ, ದೊಡ್ಡಮ್ಮ" ಎನ್ನುತ್ತ ಹಿಂದೆ ಓಡಿ ಬಂದಳು.

ಬೂದಿ ಪ್ರೊಫೆಸರು ಎಂದು ವಿದ್ಯಾರ್ಥಿಗಳು ಕರೆಯುವ ಆ ಮನುಷ್ಯ ಕಿಟಕಿಯ ಪಕ್ಕ ಕೂತು ಸಣ್ಣ ಸಣ್ಣ ಬಟ್ಟಲುಗಳನ್ನು ಜೋಡಿಸುತ್ತಿದ್ದರು. ತಲೆ, ಮೀಸೆ, ಸ್ವೆಟರು ಎಲ್ಲವೂ ಬೂದಿ ಬಣ್ಣ.

"ಯಾರು ರೀ ನನ್ನ ಮಗಳ ಕೈ ಕೊಳಕು ಅಂದವರು?"

"ಕೂತ್ಕೊಳ್ಳಿ ಅಮ್ಮ."

"ಕೂತ್ಕೊಂಡು ಬೈಯೋ ಅಭ್ಯಾಸ ನನಗಿಲ್ಲ. ನಿಮ್ಮ ಯಂತ್ರ ಕೆಟ್ಟಿರಬೇಕು. ಇಲ್ಲಾ ನಿಮ್ಮ ಕಣ್ಣು ಕೆಟ್ಟಿರಬೇಕು."

ಅವರು ಸಿಟ್ಟಾಗಲಿಲ್ಲ, ಅದು ನನಗೆ ಇನ್ನೂ ಸಿಟ್ಟು ತರಿಸಿತು. ಒಂದು ಹಾಳೆ ತಿರುಗಿಸಿ ನನ್ನ ಮುಂದಿಟ್ಟರು. "ಕೋಪ ಮಾಡ್ಕೊಳ್ಳಿ, ಪರವಾಗಿಲ್ಲ. ಇದೊಂದು ನೋಡಿ. ಹದಿನೇಳನೇ ನಂಬರ್ ಹುಡುಗಿ. ಡಬ್ಬಿ ಲೆಕ್ಕದಲ್ಲಿ ಇವಳು ಬಸ್ಸು ಎತ್ತಬೇಕು. ರಕ್ತದ ಲೆಕ್ಕದಲ್ಲಿ ಇವಳಿಗೆ ಬಸ್ಸು ಹತ್ತೋಕೂ ಆಗಲ್ಲ. ಎರಡರಲ್ಲಿ ಒಂದು ಸುಳ್ಳು. ರಕ್ತ ನೋಡಿದ್ದು ಆಸ್ಪತ್ರೆಯವರು. ಡಬ್ಬಿ ಸುಟ್ಟಿದ್ದು ಇವಳು."

"ಡಬ್ಬೀಲಿ ಕಬ್ಬಿಣ ಇಲ್ದೇ ಇನ್ನೆಲ್ಲಿರುತ್ತೆ ರೀ? ತುಂಬಿದ್ದು ಯಾರು? ಒಂದೊಂದು ಡಬ್ಬಿಗೂ ಪಾತ್ರೆಯ ತಳ ಮುಟ್ಟಿ ಗಟ್ಟಿ ಬೇಳೆ ಎತ್ತಿ ಹಾಕಿದೀನಿ. ಎಲೆ ಆರಿಸಿ ಹಾಕಿದೀನಿ. ನಿಮ್ಮ ಯಂತ್ರ ಹುಟ್ಟಿದಾಗಿನಿಂದ ಅಂಥ ಊಟ ಕಂಡಿರಲ್ಲ."

ಹಿಂದೆ ಕಡ್ಡಿಯ ಹೆಜ್ಜೆ ನಿಂತಿತು.

"ದೊಡ್ಡಮ್ಮ," ಎಂದಳು, ತುಂಬ ಮೆಲ್ಲಗೆ. "ತಟ್ಟೆಗೆ?"

"ತಟ್ಟೆಗೇನು?"

"ತಟ್ಟೆಗೂ ತಳದಿಂದಾನಾ?"

ಪ್ರೊಫೆಸರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆರು ವರ್ಷ ನಾನು ಎದೆ ಉಬ್ಬಿಸಿಕೊಂಡು ತಿರುಗಿದ ವಿದ್ಯೆ ಆ ಬೂದಿ ಬಣ್ಣದ ಕಣ್ಣುಗಳ ಮುಂದೆ ಏನು ಹೆಸರು ಪಡೆಯುತ್ತದೆ ಎಂದು ಆ ಕ್ಷಣಕ್ಕೆ ಹೊಳೆದುಹೋಯಿತು. ನೀರು ಬಡಿಸುವವಳು. ನಾನೂರು ಮಕ್ಕಳಿಗೆ ನೀರು ಬಡಿಸಿದವಳು.

"ಎಲ್ಲರಿಗೂ ತಳದಿಂದಲೇ," ಎಂದೆ. "ನಾನೇನು ಮೇಲು ಕೀಳು ಮಾಡ್ತೀನಾ?"

ಪ್ರೊಫೆಸರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು, ನನ್ನ ಮಾತಿನಲ್ಲೇ, ದಿನಾಂಕ ಹಾಕಿ. ಕಡ್ಡಿ ನೆಲ ನೋಡುತ್ತಿದ್ದಳು. ನಾನು ಬಂದ ಮೆಟ್ಟಿಲನ್ನು ಒಂದೊಂದಾಗಿ ಇಳಿದೆ. ತೊಂಬತ್ತಾರು ಮೆಟ್ಟಿಲು ಅವು.

ಎರಡು ದಿನದ ಮೇಲೆ ಇಸ್ತ್ರಿ ತನ್ನ ಕೋಣೆಗೆ ಕರೆಸಿದ. ಮೇಜಿನ ಮೇಲೆ ಕಡ್ಡಿಯ ಅಂಕಿಗಳ ಪ್ರತಿ ಇತ್ತು. ಅದು ಹೇಗೆ ಇವನ ಕೈ ಸೇರಿತೋ. ಮುಖ ಬೆಳಗುತ್ತಿತ್ತು.

"ಬನ್ನಿ ಬನ್ನಿ. ನಿಮ್ಮ ಊಟದಲ್ಲಿ ಕಬ್ಬಿಣ ತುಂಬಿ ತುಳುಕ್ತಿದೆಯಂತೆ. ಇದನ್ನ ಮೇಲಿನವರಿಗೆ ಕಳಿಸ್ತಾ ಇದೀನಿ. ಫ್ರೇಮ್ ಹಾಕಿಸಿ ಊಟದ ಹಾಲಿನಲ್ಲೂ ತೂಗುಹಾಕ್ತೀನಿ."

"ಆ ಅಂಕಿ ತಪ್ಪು ಅಂತಾರಲ್ಲ ಪ್ರೊಫೆಸರು."

"ಅವರ ಜಗಳ ಅವರಿಗಿರಲಿ. ನಮಗೆ ಕಾಗದ ಸಿಕ್ಕಿತಲ್ಲ." ಅವನು ಕುರ್ಚಿಗೆ ಒರಗಿದ, ಶರ್ಟಿನ ಗೆರೆ ಅಲುಗಲಿಲ್ಲ. "ಒಂದು ಯೋಚನೆ ಬಂತು ನೋಡಿ. ಬೇಕಾದ್ದಕ್ಕಿಂತ ಜಾಸ್ತಿ ಇದೆ ಅಂತ ಯಂತ್ರಾನೇ ಹೇಳ್ತಿದೆ. ಮುಂದಿನ ತಿಂಗಳಿಂದ ಬೇಳೆ ಇನ್ನೆರಡು ಕೆಜಿ ಇಳಿಸಿದ್ರೆ ಹೇಗೆ? ನಿಮ್ಮ ಕೈಯಲ್ಲಿ ಆಗುತ್ತೆ."

"ಮೂವತ್ತೊಂದು ಮಕ್ಕಳಿಗೆ ಮೈಯಲ್ಲಿ ರಕ್ತ ಇಲ್ಲ ರೀ."

"ಸಣ್ಣಗಾಗಬೇಕು ಅಂತ ಊಟ ಬಿಡ್ತಾರೆ. ಈಗಿನ ಹುಡುಗೀರು ಗೊತ್ತಲ್ಲ."

"ನನ್ನ ತಂಗಿ ಮಗಳನ್ನ ಮನೆಗೆ ಕಳಿಸ್ತಾರಂತೆ."

"ಅಯ್ಯೋ, ಒಬ್ಬಳು ಹೋದ್ರೆ ಇನ್ನೊಬ್ಬಳು ಬರ್ತಾಳೆ ಬಿಡಿ. ಯೂನಿವರ್ಸಿಟಿಗೆ ಹುಡುಗೀರ ಬರಗಾಲವಾ?"

ನನ್ನೊಳಗೆ ಎಷ್ಟು ಕುದಿಯುತ್ತಿತ್ತೆಂದರೆ ಆ ಬಿಸಿಗೆ ಅವನ ಮೇಜಿನ ಗಾಜು ಕರಗಬೇಕಿತ್ತು. ಇವನು ಹೊಗಳುತ್ತಿದ್ದ, ನಾನು ತೇಲಿಸುತ್ತಿದ್ದೆ. ಇವನು ಬೇಳೆ ಕೊಡಲಿಲ್ಲ ಎಂದು ಹೇಳಿ ನಾನು ಕೈ ತೊಳೆದುಕೊಳ್ಳುವ ಹಾಗೂ ಇರಲಿಲ್ಲ. ಇಲ್ಲದ್ದನ್ನು ಇದೆ ಎಂದು ತೋರಿಸಿದ್ದು ಇದೇ ಮಣಿಕಟ್ಟು. ಬಾಗಿಲನ್ನು ಎಳೆದುಕೊಂಡ ರಭಸಕ್ಕೆ ಚಿಲಕ ನನ್ನ ಕೈಯಲ್ಲೇ ಬಂತು. ಅದನ್ನು ಅವನ ಮೇಜಿನ ಮೇಲಿಟ್ಟು ಹೊರಟೆ.

ನೇರ ಮೂರನೇ ಮಹಡಿಗೆ ಹೋದೆ. ಪ್ರೊಫೆಸರ ಮುಂದೆ ನಿಂತು ಎಲ್ಲ ಹೇಳಿದೆ. ಮೇಲಿನ ಸೌಟು ತಟ್ಟೆಗೆ, ತಳದ ಸೌಟು ಡಬ್ಬಿಗೆ. ಕಡ್ಡಿಯ ಗಾಜಿನಲ್ಲಿ ಕೊಳೆಯಿಲ್ಲ. ಕೊಳೆ ಇದ್ದದ್ದು ನನ್ನಲ್ಲಿ.

ಅವರು ಪುಸ್ತಕ ತೆಗೆದರು. "ಸೋಮವಾರ ಎಲ್ಲರಿಗೂ ತಳದಿಂದ ಅಂದ್ರಿ. ಬುಧವಾರ ಡಬ್ಬಿಗೆ ಮಾತ್ರ ಅಂತಿದೀರಿ. ಶುಕ್ರವಾರ ಏನು ಹೇಳ್ತೀರಿ?"

"ಇದೇ ಹೇಳ್ತೀನಿ."

"ನೀವು ಇವಳ ದೊಡ್ಡಮ್ಮ. ಇವಳನ್ನ ಉಳಿಸೋಕೆ ಏನು ಬೇಕಾದ್ರೂ ಹೇಳ್ತೀರಿ, ನಿಮ್ಮ ಜಾಗದಲ್ಲಿ ನಾನಿದ್ರೂ ಹೇಳ್ತಿದ್ದೆ. ಮೂರು ಮಹಡಿ ಮೆಟ್ಟಿಲನ್ನ ಮೂರೇ ಹೆಜ್ಜೇಲಿ ಹತ್ತಿದೆ ಅಂತ ಕೆಳಗಡೆ ಕಾವಲಿನವನಿಗೆ ಹೇಳಿದೀರಂತಲ್ಲ. ಈಗ ಅದನ್ನ ನಂಬಬೇಕಾ, ಇದನ್ನ ನಂಬಬೇಕಾ?"

ನನ್ನ ಜೀವಮಾನದಲ್ಲಿ ನಾನು ಆಡಿದ ಮೊದಲ ಅಚ್ಚ ನಿಜವನ್ನು ಹೀಗೆ ಬಾಗಿಲಿಂದಲೇ ವಾಪಸ್ಸು ಕಳಿಸಿದರು.

ಪಕ್ಕದಲ್ಲೇ ಗಾಜು ತೊಳೆಯುತ್ತಿದ್ದ ಕಡ್ಡಿ ಮಾತ್ರ ನಂಬಿದಳು. ಮೊದಲ ಮಾತಿಗೇ ನಂಬಿದಳು. ವರಾಂಡದಲ್ಲಿ ನನ್ನ ಹಿಂದೆ ಬಂದು, ನನ್ನ ಮುಂದೆ ತಿರುಗಿ ನಿಂತಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಒಂದೇ ಷರತ್ತು ಅಂದಿದ್ದೆ. ಹಾಕಿದ್ದೇ ಒಂದು ಷರತ್ತು."

"ಒಳ್ಳೇದಾಗಲಿ ಅಂತಲೇ ಮಾಡಿದ್ನೇ."

"ಯಾರಿಗೆ? ಎಂಟು ತಿಂಗಳು ಗಾಜು ತೊಳೆದೆ. ಕನಸಲ್ಲೂ ತೊಳೆದೆ. ನನ್ನ ಕೈಯನ್ನ ನಾನೇ ಅನುಮಾನದಿಂದ ನೋಡ್ತಿದ್ದೆ. ಮೊನ್ನೆ ಅವರ ಮುಂದೆ ಕೇಳಿದೆನಲ್ಲ, ಆಗ ಬಾಯಿಗೆ ಏನಾಗಿತ್ತು?"

"ಮರ್ಯಾದೆ ಹೋಗುತ್ತೆ ಅಂತ..."

"ಯಾರ ಮರ್ಯಾದೆ?"

ನಾನು ಏಪ್ರನ್ನಿನ ತುದಿಗೆ ಕೈ ಒರೆಸಿಕೊಂಡೆ.

"ನಿನ್ನದು ಉಳೀಲಿ, ನನ್ನದು ಹೋದ್ರೆ ಹೋಗ್ಲಿ. ಅಷ್ಟೇ ತಾನೇ? ಆ ಮೂವತ್ತೊಂದು ಜನದ್ದು ಬಿಡು, ಅವರನ್ನ ನೀನು ಲೆಕ್ಕಕ್ಕೇ ಇಟ್ಟಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ನನ್ನ ಮೇಲೆ ದನಿಯೆತ್ತಿದವರು ಯಾರೂ ಇರಲಿಲ್ಲ. ಎತ್ತಿದ್ದರೆ ಸಂಜೆಯೊಳಗೆ ಊರು ಬಿಡುತ್ತಿದ್ದರು. ಇವಳ ಮುಂದೆ ನಾನು ಒದ್ದೆ ಬಟ್ಟೆಯ ಹಾಗೆ ನಿಂತಿದ್ದೆ.

"ಶುಕ್ರವಾರ ಮಧ್ಯಾಹ್ನ ಅವರನ್ನ ಊಟದ ಹಾಲಿಗೆ ಕರ್ಕೊಂಡು ಬಾ," ಎಂದೆ. "ಕಮಿಟಿಗೆ ಮುಂಚೆ. ತಕ್ಕಡೀನೂ ತಾ."

"ಬಂದ್ರೆ ಏನ್ ತೋರಿಸ್ತೀಯಾ? ಇನ್ನೊಂದು ಕಥೆಯಾ?"

"ಏನೂ ತೋರಿಸಲ್ಲ. ಸೌಟು ಕೆಳಗಿಡ್ತೀನಿ."

ಶುಕ್ರವಾರ ಹನ್ನೆರಡೂವರೆಗೆ ಊಟದ ಹಾಲಿನ ಬಾಗಿಲು ತೆರೆಯಿತು. ಪ್ರೊಫೆಸರು ಒಂದು ಬೆಂಚಿನ ತುದಿಯಲ್ಲಿ ಸ್ವೆಟರಿನ ತೋಳು ಎಳೆದುಕೊಳ್ಳುತ್ತ ಕೂತರು. ಕಡ್ಡಿ ಪಾತ್ರೆಯ ಪಕ್ಕ ತಕ್ಕಡಿ ಇಟ್ಟುಕೊಂಡು ನಿಂತಳು, ಈ ಸಲ ಪಾತ್ರೆಗೆ ಮುಖ ಮಾಡಿ. ಅವತ್ತು ನಾನು ಬೇಳೆಗೆ ಒಂದು ಚೊಂಬು ನೀರನ್ನೂ ಹೆಚ್ಚಿಗೆ ಹಾಕಿರಲಿಲ್ಲ, ಕಡಿಮೆಯನ್ನೂ ಹಾಕಿರಲಿಲ್ಲ. ದಿನದ ಹಾಗೆಯೇ ಬೇಯಿಸಿದ್ದೆ. ಸಾಲು ಮುಂದೆ ಬಂದಾಗ ಸೌಟನ್ನು ಪಾತ್ರೆಯ ಅಂಚಿಗೆ ನೇತುಹಾಕಿ ಎರಡು ಹೆಜ್ಜೆ ಹಿಂದೆ ಸರಿದೆ.

"ಇವತ್ತು ನೀವೇ ಬಡಿಸ್ಕೊಳ್ಳಿ. ಒಬ್ಬೊಬ್ಬರಿಗೆ ಒಂದೊಂದು ಸೌಟು."

ಸಾಲು ಬೆಪ್ಪಾಯಿತು. "ದೊಡ್ಡಮ್ಮಂಗೆ ಜ್ವರಾನಾ?" ಎಂದಳು ಒಬ್ಬಳು. "ಸೌಟು ಮುಟ್ಟಿದ್ರೆ ಬೆರಳು ಕತ್ತರಿಸ್ತಾರೆ ಕಣೇ,"  ಎಂದಳು ಇನ್ನೊಬ್ಬಳು. ಎಲ್ಲರಿಗಿಂತ ಮೊದಲು ಬಂದು ನಿಲ್ಲುವ ಎತ್ತರದ ಹುಡುಗಿಯೊಬ್ಬಳಿದ್ದಾಳೆ, ಅವಳು ಧೈರ್ಯ ಮಾಡಿ ಸೌಟು ಇಳಿಸಿದಳು. ಎಷ್ಟು ಇಳಿಸಬೇಕು ಎಂದು ಗೊತ್ತಿರಲಿಲ್ಲ. ತಳಕ್ಕೆ ತಾಗುವವರೆಗೆ ಬಿಟ್ಟಳು. ಮೇಲೆ ಬಂದದ್ದನ್ನು ನೋಡಿ ಕೈ ಅಲ್ಲೇ ನಿಂತಿತು.

"ಇದು ನಮ್ಮ ಮೆಸ್ಸಿನ ಬೇಳೇನಾ?"

"ಏನಾಯ್ತೇ, ಹುಳ ಬಂತಾ?" ಎಂದಳು ಹಿಂದಿನವಳು.

"ಇಲ್ವೇ. ಬೇಳೆ ಬಂತು."

ಕಡ್ಡಿ ಆ ಸೌಟಿನ ಪಕ್ಕದಲ್ಲೇ ತನ್ನ ಪ್ಲಾಸ್ಟಿಕ್ ಸೌಟು ಇಳಿಸಿ ಒಂದು ಡಬ್ಬಿ ತುಂಬಿ, ತೂಗಿ, ಪ್ರೊಫೆಸರ ಮುಂದೆ ಇಟ್ಟಳು. ಸಾಲು ಮುಂದೆ ಸರಿಯಿತು. ತಳ ಎಲ್ಲಿದೆ ಎಂದು ಗೊತ್ತಾದ ಮೇಲೆ ಯಾರೂ ಮೇಲೆ ತೇಲಿಸಲಿಲ್ಲ. ತಟ್ಟೆಗಳಲ್ಲಿ ಬೇಳೆ ಗುಡ್ಡೆಯಾಗಿ ಕೂತಿತು. ಮೇಜುಗಳ ಕಡೆಯಿಂದ ಮಾತೇ ಕೇಳಿಸುತ್ತಿರಲಿಲ್ಲ, ಬರೀ ತಿನ್ನುವ ಸದ್ದು. ನಾನು ಎಣಿಸುತ್ತಿದ್ದೆ. ಇನ್ನೂರ ಮೂವತ್ತೆಂಟನೆಯ ಹುಡುಗಿ ಸೌಟು ಎತ್ತಿದಾಗ ಅದರಲ್ಲಿ ಹಳದಿ ನೀರು ಬಂತು. ಅವಳು ಅದನ್ನು ಪಾತ್ರೆಗೆ ಚೆಲ್ಲಿ ಮತ್ತೆ ಇಳಿಸಿದಳು. ಮತ್ತೆ ನೀರು. ಅವಳ ಹಿಂದೆ ಬಾಗಿಲಾಚೆಯವರೆಗೂ ಸಾಲು ಇತ್ತು.

"ದೊಡ್ಡಮ್ಮ, ಇನ್ನೊಂದು ಪಾತ್ರೆ ಬರುತ್ತಾ?"

"ಇಲ್ಲ."

"ಮತ್ತೆ ನಾವಿನ್ನೂ ನೂರೈವತ್ತರ ಮೇಲೆ ಜನ ಇದೀವಲ್ಲ. ದಿನಾ ಹೇಗೆ ಸಾಲುತ್ತೆ?"

"ಸಾಲ್ತಿರಲಿಲ್ಲ," ಎಂದೆ. "ಸಾಲೋ ಹಾಗೆ ಬಡಿಸ್ತಿದ್ದೆ."

ಆ ಮಾತು ಸಾಲಿನಲ್ಲಿ ಹಿಂದಕ್ಕೆ ಹೋಯಿತು. ಬಾಯಿಂದ ಬಾಯಿಗೆ ಅದು ಬಾಗಿಲು ದಾಟುವುದನ್ನು ನಾನು ನೋಡುತ್ತ ನಿಂತೆ. ಮೊದಲು ಉಂಡವರೂ ತಟ್ಟೆ ಬಿಟ್ಟು ಎದ್ದು ಬಂದರು. ಯಾರೂ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. ನಾನೂರು ಜೊತೆ ಕಣ್ಣು ನನ್ನ ಮೇಲೆ.

ಸುದ್ದಿ ಹೋಗಿ ಇಸ್ತ್ರಿ ಬಂದ. "ಏನಮ್ಮ ಇದು ತಮಾಷೆ? ಸೌಟು ತಗೊಂಡು ಬಡಿಸಿ."

"ಏನನ್ನ ಬಡಿಸ್ಲಿ? ನನ್ನ ಕೈಯನ್ನಾ?"

ಕಡ್ಡಿ ಎರಡನೆಯ ಡಬ್ಬಿಯನ್ನು ಪಾತ್ರೆಯಲ್ಲಿ ಉಳಿದ ನೀರಿನಿಂದ ತುಂಬಿದಳು. ತೂಗಿದಳು. ಪ್ರೊಫೆಸರು ಎದ್ದು ಬಂದು ತಕ್ಕಡಿಯ ಅಂಕಿಯನ್ನು ತಾವೇ ನೋಡಿದರು. ಎರಡು ಡಬ್ಬಿಗಳದ್ದೂ ಒಂದೇ ತೂಕ. ಒಂದರಲ್ಲಿ ಚಮಚ ನೆಟ್ಟರೆ ನಿಲ್ಲುತ್ತಿತ್ತು. ಇನ್ನೊಂದರಲ್ಲಿ ತಳದಲ್ಲಿ ಬರೆದ ನಂಬರು ಕಾಣುತ್ತಿತ್ತು. ಅವರು ಎರಡನ್ನೂ ಅಕ್ಕಪಕ್ಕ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕಡ್ಡಿಯ ಸುಲಿದ ಬೆರಳುಗಳನ್ನು ನೋಡಿದರು.

"ನಾನೂರು ಜನಕ್ಕೆ ಎಷ್ಟು ಜನದ ಬೇಳೆ ಕೊಡ್ತೀರಿ?" ಎಂದು ಇಸ್ತ್ರಿಯನ್ನು ಕೇಳಿದರು.

"ಅದು ಸರ್, ಮೇಲಕ್ಕೆ ಪತ್ರ ಬರೆದಿದೀನಿ."

"ಯಾವಾಗ?"

ಇಸ್ತ್ರಿ ಶರ್ಟಿನ ತೋಳು ಸರಿಮಾಡಿಕೊಂಡ. ಆ ಇನ್ನೂರ ಮೂವತ್ತೆಂಟನೆಯವಳು ತನ್ನ ತಟ್ಟೆಗೆ ಆ ನೀರನ್ನೇ ಒಂದು ಸೌಟು ಹುಯ್ದು, ಎರಡೂ ಕೈಯಲ್ಲಿ ಹಿಡಿದು, ಅವನ ಎದೆಯ ಹತ್ತಿರ ತಂದಳು. "ಉಣ್ಣಿ ಸರ್. ಕಬ್ಬಿಣ ಜಾಸ್ತಿ ಇದೆಯಂತೆ." ಅವನು ಹಿಂದೆ ಸರಿದ, ತಟ್ಟೆ ವಾಲಿತು. ಆ ಶರ್ಟು ಇವತ್ತಿಗೂ ಸೆಟೆದು ನಿಂತಿಲ್ಲ ಎಂದು ಕೇಳಿದ್ದೇನೆ. ಇದರಲ್ಲಿ ನನ್ನ ಕೈವಾಡವೇನೂ ಇಲ್ಲ. ಮೂರು ಸಲ ಕಣ್ಣು ಮಿಟುಕಿಸಿದ್ದು ಬಿಟ್ಟರೆ.

ಮೂರು ಗಂಟೆಯ ಕಮಿಟಿಯಲ್ಲಿ ಪ್ರೊಫೆಸರು ಆ ಎರಡು ಡಬ್ಬಿಗಳನ್ನು ಮೇಜಿನ ಮೇಲಿಟ್ಟರಂತೆ. ಈ ಹುಡುಗಿಯ ಕೈ ಶುದ್ಧವಾಗಿದೆ, ತಪ್ಪಾಗಿ ನೋಡಿದ್ದು ತಾವೇ, ಎಂದು ಬರೆದುಕೊಟ್ಟರು. ಕಡ್ಡಿ ಉಳಿದಳು. ಅವಳ ನೂರೈವತ್ತು ಡಬ್ಬಿ ಉಳಿಯಲಿಲ್ಲ. ಎಲ್ಲ ರದ್ದು. ಮೊದಲಿನಿಂದ, ಮೊದಲ ಹುಡುಗಿಯಿಂದ, ಇನ್ನೊಂದು ವರ್ಷ.

ಮರುದಿನವೂ ಉಗ್ರಾಣದಿಂದ ಅಷ್ಟೇ ಬೇಳೆ ಬಂತು. ನಾನು ಗಟ್ಟಿಯಾಗಿ ಬೇಯಿಸಿ, ಇರುವವರೆಗೂ ಗಟ್ಟಿಯಾಗಿ ಬಡಿಸಿ, ಮುಗಿದ ಮೇಲೆ ಉಳಿದ ಹುಡುಗಿಯರಿಗೆ ಮ್ಯಾನೇಜರನ ಕೋಣೆಯ ದಾರಿ ತೋರಿಸಿದೆ. ನೂರಾರು ಹುಡುಗಿಯರು ಖಾಲಿ ತಟ್ಟೆ ಹಿಡಿದು ಅವನ ಬಾಗಿಲಲ್ಲಿ ನಿಂತರು. ಚಿಲಕ ಇಲ್ಲದ್ದರಿಂದ ಅವನಿಗೆ ಬಾಗಿಲು ಹಾಕಿಕೊಳ್ಳಲೂ ಆಗಲಿಲ್ಲ. ಅದರ ಮರುದಿನವೂ. ನಾಲ್ಕನೆಯ ದಿನ ಬೇಳೆ ಸ್ವಲ್ಪ ಹೆಚ್ಚಿತು. ಪೂರ್ತಿ ಇನ್ನೂ ಬಂದಿಲ್ಲ. ನಾನೂ ಇನ್ನೂ ದಾರಿ ತೋರಿಸುವುದನ್ನು ಬಿಟ್ಟಿಲ್ಲ.

ಕಡ್ಡಿ ಒಂದು ವಾರ ಅಡುಗೆಮನೆಯ ಕಡೆ ಸುಳಿಯಲಿಲ್ಲ. ಎಂಟನೆಯ ದಿನ ಮಧ್ಯಾಹ್ನ ಹೊಸ ನೋಟುಪುಸ್ತಕ ಹಿಡಿದು ಬಂದಳು. ಊಟ ಮಾಡ್ತೀಯಾ ಎಂದೆ. ಬೇಡ ಎಂದಳು. ಸೊಪ್ಪು ಹೆಚ್ಚುವ ಮೇಜಿನ ಆಚೆ ಬದಿಗೆ ಕೂತು ಪೆನ್ನು ತೆಗೆದಳು.

"ಕೂತ್ಕೋ. ಕೇಳಿದ್ದಕ್ಕೆ ಉತ್ತರ ಹೇಳು. ಈ ಸಲ ಇದೂ ನನ್ನ ಕೆಲಸದೊಳಗೆ ಸೇರುತ್ತೆ. ದಿನಕ್ಕೆ ಬೇಳೆ ಎಷ್ಟು ಬರ್ತಿತ್ತು?"

"ಒಂದು ಹಿಡಿ ಕಣೇ. ಅದರಲ್ಲಿ ಒಂದು ಸೈನ್ಯಕ್ಕೆ..."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಕಾದಳು.

"ಹನ್ನೆರಡು ಕೆಜಿ," ಎಂದೆ.

ಮುಚ್ಚಳ ತೆಗೆದಳು. "ಬೇಕಾಗಿದ್ದು?"

"ಇಪ್ಪತ್ತು."

"ಎಷ್ಟು ವರ್ಷದಿಂದ?"

"ಆರು."

ಬರೆಯುತ್ತಿದ್ದ ಕೈ ನಿಂತಿತು. "ಅದ್ರಲ್ಲಿ ಮೊದಲನೇ ಮೂರು ವರ್ಷ ನಾನೂ ಇಲ್ಲೇ ಉಂಡಿದೀನಿ. ಈ ಮೆಸ್ಸಿನ ಊಟ ಗಟ್ಟಿ, ತಪ್ಪು ಬೇರೆಲ್ಲೋ ಇದೆ ಅಂತ ಪ್ರೊಫೆಸರ್‌ಗೆ ಹೇಳಿದ್ದು ನಾನೇ. ಅದಕ್ಕೇ ಅವರು ನನ್ನ ಕೈ ನೋಡಿದ್ದು. ನನಗೆ ಎಲ್ಲಿಂದ ಬಡಿಸ್ತಿದ್ದೆ?"

ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಚಂದದ ಸುಳ್ಳು.

"ತಳದಿಂದ."

"ದಿನಾ?"

"ದಿನಾ."

"ನನ್ನ ಪಕ್ಕ ಕೂರ್ತಿದ್ದವಳಿಗೆ? ಪರೀಕ್ಷೆ ಹಾಲಿನಲ್ಲಿ ತಲೆ ತಿರುಗಿ ಬಿದ್ದಳಲ್ಲ, ಅವಳಿಗೆ?"

"ಮೇಲಿಂದ."

ಅದನ್ನೂ ಬರೆದುಕೊಂಡಳು. ಪೆನ್ನು ಎಷ್ಟು ಒತ್ತಿದಳೆಂದರೆ ಹಾಳೆ ಹರಿಯಿತು. ಹರಿದ ಹಾಳೆಯನ್ನು ಕಿತ್ತು, ಮಡಿಸಿ, ಪಕ್ಕಕ್ಕಿಟ್ಟು, ಅದೇ ಉತ್ತರವನ್ನು ಮುಂದಿನ ಹಾಳೆಯಲ್ಲಿ ಮೊದಲಿನಿಂದ ಬರೆದಳು. ನನ್ನ ಮುಖ ನೋಡಲಿಲ್ಲ.

"ಸರಿ," ಎಂದಳು. "ಈಗ ಸೊಪ್ಪು ಹೇಳು."